ತುರೈಫಿನಲ್ಲಿ ಸಫಿಯಮ್ಮನ ತುಳು

"ತುರೈಫಿಗೆ ಯಾರೂ ಹೋಗಲು ಒಪ್ಪುವುದಿಲ್ಲವಂತೆ. ನಾವು ಹೋಗುವ," ಎಂದು ಗಂಡ ಶಂಸುದ್ದೀನ್ ಉಸ್ತಾದರು ಹೇಳಿದಾಗ ಸಫಿಯಮ್ಮ ಜಿದ್ದಾದ ಅಜೀಜಿಯಾದ ಮನೆಯಲ್ಲಿ ಮೀನು ಕತ್ತರಿಸುತ್ತಿದ್ದರು.

"ಅಲ್ಲಿ ನಮ್ಮವರು ಯಾರಿದ್ದಾರೆ?"

"ಯಾರೂ ಇಲ್ಲ. ಅದಕ್ಕೇ."

ಅಜೀಜಿಯಾದಲ್ಲಿ ಅವರಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಮೇಲಿನ ಮಹಡಿಯಲ್ಲಿ ಉಳ್ಳಾಲದವರು, ಎದುರು ಮನೆಯಲ್ಲಿ ಬಂಟ್ವಾಳದವರು, ಕೆಳಗಿನ ಅಂಗಡಿಯಲ್ಲಿ ಕುಚ್ಚಲಕ್ಕಿ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸಿ, ಇನ್ನು ನಾಲ್ಕು ದಿನ ಸುಖವಾಗಿರುವ ಎಂದು ಕುಳಿತಿದ್ದ ಹೊತ್ತು ಅದು. ಸಫಿಯಮ್ಮ ಎದುರು ಮಾತಾಡಲಿಲ್ಲ. ಆದರೆ ಸೌದಿಯ ಉತ್ತರ ತುದಿಯ ತುರೈಫಿಗೆ ಬಂದ ಮೊದಲ ಚಳಿಗಾಲದಲ್ಲಿ, ಜೋರ್ಡಾನ್ ಗಡಿಯಿಂದ ಬೀಸುವ ಗಾಳಿಗೆ ಅಂಗಳದ ಬಕೆಟಿನ ನೀರು ಗಟ್ಟಿಯಾಗಿ ನಿಂತದ್ದನ್ನು ಕಂಡು, ಒಬ್ಬರೇ ಬಾಗಿಲ ಹಿಂದೆ ನಿಂತು ಅತ್ತಿದ್ದರು.

ಉಸ್ತಾದರ ಕೆಲಸ ವಿದೇಶಿ ಕೆಲಸಗಾರರಿಗಾಗಿ ನಡೆಸುವ ಒಂದು ಧರ್ಮಬೋಧನೆಯ ಕೇಂದ್ರದಲ್ಲಿ. ಸಂಜೆ ಲಾರಿ ಡ್ರೈವರುಗಳಿಗೆ, ಹೋಟೆಲಿನ ಹುಡುಗರಿಗೆ ಕುರ್‌ಆನ್ ಓದಿಸುವುದು, ಶುಕ್ರವಾರ ಮಲಯಾಳದಲ್ಲಿ, ಉರ್ದುವಿನಲ್ಲಿ ಪ್ರವಚನ ಮಾಡುವುದು, ಆಸ್ಪತ್ರೆಯಲ್ಲಿ ಬಿದ್ದವರನ್ನು ನೋಡಿ ಬರುವುದು. ಸಫಿಯಮ್ಮನಿಗೆ ಸಂಬಳವೂ ಇರಲಿಲ್ಲ, ಹುದ್ದೆಯೂ ಇರಲಿಲ್ಲ. ಆದರೂ ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು. ಅರಬಿ ಮನೆಗಳಲ್ಲಿ ದುಡಿಯುವ ಹೆಂಗಸರು ಯಾರಾದರೂ ತೀರಿಕೊಂಡರೆ ಹೂಳುವ ಮೊದಲು ಮಯ್ಯತ್ತಿಗೆ ಸ್ನಾನ ಮಾಡಿಸಲು ಜನ ಬೇಕಿತ್ತು. ಮೊದಲ ಸಲ ಇಂಡೋನೇಷ್ಯಾದ ಒಬ್ಬ ಹುಡುಗಿ. ಮಗಳ ಪ್ರಾಯದವಳು. ಸಫಿಯಮ್ಮ ಅವಳ ಕೂದಲು ಬಿಡಿಸಿ ನೀರು ಹೊಯ್ದರು. ಆಮೇಲೆ ಕೈಗೆ ಅಭ್ಯಾಸವಾಯಿತು, ಸಂಕಟ ನಿಲ್ಲಲಿಲ್ಲ. ಹೀಗೇ ವರ್ಷಗಳು ಉರುಳಿದವು. ಮಂಡಿ ನೋವು ಬಂತು, ಉಸ್ತಾದರ ಗಡ್ಡ ಪೂರ್ತಿ ಬೆಳ್ಳಗಾಯಿತು. ಊರಿನವರೆಲ್ಲ ಸಫಿಯಮ್ಮನನ್ನು ತಾಯಿಯೆಂಬಂತೆ "ಉಮ್ಮ" ಎಂದು ಕರೆಯತೊಡಗಿದರು.

ಹೋದ ವರ್ಷ ಚಳಿ ಜೋರಾಗಿದ್ದ ತಿಂಗಳಲ್ಲಿ ಆಸ್ಪತ್ರೆಯ ನರ್ಸ್ ಹರಿಣಾಕ್ಷಿ ಫೋನ್ ಮಾಡಿದಳು. ಕುಂದಾಪುರದ ಹೆಣ್ಣು, ಉಸ್ತಾದರಿಗೂ ಉಮ್ಮನಿಗೂ ಪರಿಚಿತೆ.

"ಉಮ್ಮ, ನಿಮಗೆ ತುಳು ಬರುತ್ತದಲ್ಲ? ಇಲ್ಲೊಬ್ಬರು ಇದ್ದಾರೆ. ಐತ ಅಂತ, ಸುಳ್ಯದ ಕಡೆಯವರು. ಜಲ್ಲಿ ಕ್ರಷರಿನಲ್ಲಿ ಕೆಲಸಕ್ಕಿದ್ದವರು. ಸ್ಟ್ರೋಕ್ ಆಗಿದೆ. ಹಿಂದಿ, ಅರಬಿ ಎಲ್ಲ ಬರುತ್ತಿತ್ತಂತೆ, ಈಗ ಒಂದೂ ಇಲ್ಲ. ತುಳು ಮಾತ್ರ ಉಳಿದಿದೆ. ನಮ್ಮದು ಕುಂದಗನ್ನಡ, ನನಗೆ ತುಳು ಎಂತದೂ ಗೊತ್ತಿಲ್ಲ."

ಗಂಡಸರ ವಾರ್ಡಿಗೆ ಸಫಿಯಮ್ಮ ಹೋಗುವ ಪದ್ಧತಿ ಇರಲಿಲ್ಲ. ಉಸ್ತಾದರು ಡಾಕ್ಟರ ಹತ್ತಿರ ಮಾತಾಡಿ ಒಪ್ಪಿಗೆ ಪಡೆದು ಜೊತೆಯಲ್ಲೇ ಕರೆದುಕೊಂಡು ಹೋದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಐವತ್ತರ ಸುಮಾರಿನ ಮನುಷ್ಯ, ಬಾಯಿ ಒಂದು ಕಡೆಗೆ ವಾಲಿತ್ತು, ಬಲಗೈ ಹೊದಿಕೆಯ ಮೇಲೆ ಸತ್ತಂತೆ ಬಿದ್ದಿತ್ತು. ಯಾರನ್ನೂ ನೋಡದೆ ಗೋಡೆಗೆ ಮುಖ ಮಾಡಿದ್ದ.

ಸಫಿಯಮ್ಮ ಪಕ್ಕಕ್ಕೆ ಹೋಗಿ, "ಇಲ್ಲ್ ಓಲು ಈರೆನ?" ಎಂದು ಕೇಳಿದರು. ನಿಮ್ಮ ಮನೆ ಎಲ್ಲಿ ಎಂದಷ್ಟೇ.

ಐತ ಮೆಲ್ಲನೆ ತಿರುಗಿದ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ತೊದಲುತ್ತಾ ಊರಿನ ಹೆಸರು ಹೇಳಿದ, ತೋಡಿನ ಆಚೆಯ ಮನೆ ಎಂದ, ಆಮೇಲೆ "ಅಕ್ಕಾ" ಎಂದ.

ಅಂದಿನಿಂದ ಸಫಿಯಮ್ಮ ಬೆಳಗಿನ ಅಡುಗೆ ಮುಗಿಸಿ ದಿನಾ ಹೋಗುತ್ತಿದ್ದರು. ತೆಳ್ಳನೆಯ ಗಂಜಿ ಮಾಡಿ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದರು. ಉಸ್ತಾದರು ಎತ್ತಿ ಕೂರಿಸಿದರೆ ಇವರು ಚಮಚದಲ್ಲಿ ಕುಡಿಸುತ್ತಿದ್ದರು. ಪುತ್ತೂರಿನ ಹತ್ತಿರ ತಾನು ಬೆಳೆದ ಗುಡ್ಡದ ಮನೆ, ನೆರೆಮನೆಯ ತುಳುವರ ಮಕ್ಕಳೊಂದಿಗೆ ಗೇರುಹಣ್ಣು ಕದ್ದದ್ದು, ಎಲ್ಲ ಹೇಳುತ್ತಿದ್ದರು. ಮದುವೆಯಾದ ಮೇಲೆ ಆಡದೆ ತುಕ್ಕು ಹಿಡಿದಿದ್ದ ಭಾಷೆ ಮತ್ತೆ ನಾಲಿಗೆಗೆ ಬಂತು. ಐತನಿಗೆ ಕೆಲವು ಸಲ ಇವರು ಯಾರೆಂದು ಗೊತ್ತಾಗುತ್ತಿತ್ತು. ಕೆಲವು ಸಲ ಎಂದೋ ತೀರಿಹೋದ ತನ್ನ ಸ್ವಂತ ಅಕ್ಕ ಎಂದೇ ತಿಳಿದು, ದನ ಕಟ್ಟಿದೆಯಾ ಎಂದು ಕೇಳುತ್ತಿದ್ದ.

ಕೇಂದ್ರದ ಮೇಲ್ವಿಚಾರಕ ಇಹ್ಸಾನ್, ಹೈದರಾಬಾದಿನ ಯುವಕ, ಒಳ್ಳೆಯವನೇ. ಒಂದು ದಿನ ಉಸ್ತಾದರನ್ನು ಕೇಳಿದ: "ಆ ಮನುಷ್ಯನಿಗೆ ಇನ್ನು ಹೆಚ್ಚು ಸಮಯವಿಲ್ಲವಂತೆ. ದೀನಿನ, ನಮ್ಮ ಧರ್ಮದ ಮಾತು ಹೇಳಿದಿರಾ?"

"ಹೇಳಲಿಲ್ಲ."

"ಅದು ನಮ್ಮ ಕೆಲಸ ಅಲ್ಲವಾ ಉಸ್ತಾದ್?"

"ಹೌದು. ಆದರೆ ಕೇಳಿ, ಯೋಚಿಸಿ, ಒಪ್ಪಲು ಅಥವಾ ಬಿಡಲು ಬುದ್ಧಿ ಇರುವವನಿಗೆ ಹೇಳಬೇಕಾದ್ದು ಅದು. ಅವನಿಗೆ ಹೆಂಡತಿಯ ಹೆಸರು ಒಮ್ಮೊಮ್ಮೆ ನೆನಪಿರುವುದಿಲ್ಲ. ಅವನ ಬಾಯಿಂದ ಏನನ್ನೋ ಹೇಳಿಸಿಕೊಂಡು ನಾನು ಅಲ್ಲಾಹನಿಗೆ ಯಾವ ಮುಖ ತೋರಿಸಲಿ?"

 ಮನೆಗೆ ಬಂದು ಇದನ್ನು ಹೇಳುವಾಗ ಉಸ್ತಾದರ ಮುಖ ಬಾಡಿತ್ತು. ತಾವು ಮಾಡಿದ್ದು ಸರಿ ಎಂದು ಅವರಿಗೇ ಪೂರ್ತಿ ಧೈರ್ಯವಿರಲಿಲ್ಲ ಎಂದು ಸಫಿಯಮ್ಮನಿಗೆ ಗೊತ್ತಾಯಿತು.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಒಂದು ಬೆಳಿಗ್ಗೆ ಐತನಿಗೆ ಪ್ರಜ್ಞೆ ಚೆನ್ನಾಗಿತ್ತು. ಸಫಿಯಮ್ಮನ ಬುರ್ಖಾದ ಅಂಚು ಎಡಗೈಯಲ್ಲಿ ಹಿಡಿದು, ಕಷ್ಟಪಟ್ಟು ಹೇಳಿದ. ಮನೆಯ ದೈವ ಕಲ್ಲುರ್ಟಿಗೆ ಅಗೆಲು ಹರಕೆ ಹೇಳಿಕೊಂಡಿದ್ದನಂತೆ. ದೈವದ ಮುಂದೆ ಬಾಳೆ ಎಲೆ ಹಾಕಿ ಅನ್ನ, ಕೋಳಿ ಬಡಿಸುವ ಸೇವೆ ಅದು. ಹೋದ ರಜೆಯಲ್ಲಿ ಆಗಲಿಲ್ಲ. "ನೀನು ಮಾಡಿಸುತ್ತೇನೆ ಅಂತ ಹೇಳು ಅಕ್ಕ. ಕಲ್ಲುರ್ಟಿ ಅಮ್ಮ ಕಾಯುತ್ತಾ ಕೂತಿದ್ದಾಳೆ."

 ಹೂಂ ಎಂದುಬಿಟ್ಟರೆ ಮನುಷ್ಯನಿಗೆ ಸಮಾಧಾನ. ಆದರೆ ಇಷ್ಟು ವರ್ಷ ಐದು ಹೊತ್ತು ನೆಲಕ್ಕೆ ಹಣೆಯಿಟ್ಟು ಅಲ್ಲಾಹನನ್ನು ನೆನೆದ ಬಾಯಲ್ಲಿ ಅದನ್ನು ಹೇಳುವುದು ಹೇಗೆ? "ನಾಳೆ ಹೇಳುತ್ತೇನೆ," ಎಂದು ಸಫಿಯಮ್ಮ ಅಂಚು ಬಿಡಿಸಿಕೊಂಡರು.

ದಾರಿಯಲ್ಲಿ ಕಾರಿನೊಳಗೆ ಗಂಡನಿಗೆ ಎಲ್ಲ ಹೇಳಿದರು. ಉಸ್ತಾದರು ರಸ್ತೆಯ ಬದಿಗೆ ಕಾರು ನಿಲ್ಲಿಸಿದರು. ಟ್ರಕ್ಕುಗಳು ಒಂದರ ಹಿಂದೆ ಒಂದು ಗಡಿಯ ಕಡೆಗೆ ಹೋಗುತ್ತಿದ್ದವು.

"ಮಾಡಿಸುತ್ತೇನೆ ಅಂತ ಹೇಳಬೇಡ. ನಮಗೆ ಅದು ಆಗುವುದಿಲ್ಲ, ಸುಳ್ಳೂ ಹೇಳುವುದು ಬೇಡ," ಎಂದರು. ಎಂಜಿನ್ ಆರಿಸಿ ಮತ್ತೆ ಹೇಳಿದರು: "ಅವನ ಮನೆಯವರಿಗೆ ಫೋನ್ ಮಾಡು. ಅವನು ಹೇಳಿದ್ದನ್ನು ಹೇಳಿದ ಹಾಗೇ ಮುಟ್ಟಿಸು. ಕಾಯಿಲೆಯವನ ಮಾತು ಅಮಾನತ್ತು, ನಂಬಿ ನಮ್ಮ ಕೈಗೆ ಒಪ್ಪಿಸಿದ ಸೊತ್ತು. ಅದನ್ನು ನಡುವೆ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ."

ಐತನ ಮಗಳು ತನುಶ್ರೀಯ ನಂಬರನ್ನು ಹರಿಣಾಕ್ಷಿ ಕೊಟ್ಟಳು. ತಂದೆಯ ಮಾತು ಕೇಳಿ ಹುಡುಗಿ ಅತ್ತಳು, ತಾಯಿಯ ಕೈಗೆ ಫೋನ್ ಕೊಟ್ಟಳು. ಆ ಹೆಂಗಸು ಅಳಲಿಲ್ಲ. "ಬರುವ ಮಂಗಳವಾರ ಮಾಡುತ್ತೇವೆ. ಅವರಿಗೆ ತೋರಿಸಲಿಕ್ಕೆ ಆಗುತ್ತದಾ?" ಎಂದು ಮಾತ್ರ ಕೇಳಿದಳು.

ಮಂಗಳವಾರ ಸಫಿಯಮ್ಮ, ಮನೆಯವರೇ ಅಗೆಲು ಬಡಿಸುತ್ತಿದ್ದಾರೆ ಎಂದು ಐತನಿಗೆ ಹೇಳಿ, ಹಾಸಿಗೆಯ ಕಾಲ ಕಡೆ ನಿಂತರು. ವೀಡಿಯೊ ಕರೆಗೆ ಫೋನ್ ಹಿಡಿಯಲು ಹರಿಣಾಕ್ಷಿ ಬರಬೇಕಿತ್ತು, ಆದರೆ ಬೇರೆ ವಾರ್ಡಿನಲ್ಲಿ ತುರ್ತು ಕರೆ ಬಂದು ಓಡಿದ್ದಳು. ಐತನ ಕೈಗೆ ಶಕ್ತಿಯಿಲ್ಲ.  ಕೊನೆಗೆ ಉಸ್ತಾದರೇ ಫೋನ್ ತೆಗೆದುಕೊಂಡು ಐತನ ಮುಖದ ಹತ್ತಿರ ಹಿಡಿದರು. ತಾವು ಮಾತ್ರ ಕಿಟಕಿಯ ಕಡೆ ತಿರುಗಿ ನಿಂತರು. ಫೋನಿನಿಂದ ಯಾರೋ ತುಳುವಿನಲ್ಲಿ ಪ್ರಾರ್ಥನೆ ಹೇಳುವ ದನಿ, ನಡುವೆ ನಾಯಿ ಬೊಗಳುವುದು, ಐತನ ಹೆಂಡತಿ "ಕಾಣ್ತಾ ಉಂಟಾ?" ಎಂದು ಕೇಳುವುದು. ಉಸ್ತಾದರ ತೋಳು ಸೋತಿತ್ತು, ಆದರೂ ಇಳಿಸಲಿಲ್ಲ. ಐತ ಎಡಗೈಯನ್ನು ಎದೆಯ ಮೇಲಿಟ್ಟು ಕಣ್ಣು ಮಿಟುಕಿಸದೆ ನೋಡಿದ.

ಆ ವಾರ ಕಳೆಯುವ ಮೊದಲೇ ಅವನು ತೀರಿಕೊಂಡ.

ಉಸ್ತಾದರು ಫೋನ್ ಹಿಡಿದು ನಿಂತ ಸುದ್ದಿ ಇಹ್ಸಾನನಿಗೂ ಮುಟ್ಟಿತ್ತು. ಅವನು ಮನೆಗೇ ಬಂದ. ಸಫಿಯಮ್ಮ ಚಹಾ ಇಟ್ಟು ಒಳಗೆ ನಿಂತು ಕಿವಿಗೊಟ್ಟರು. ಇನ್ನು ಈ ಊರಿನ ಅನ್ನದ ಋಣ ಮುಗಿಯಿತು ಎಂದೇ ಅವರು ಅಂದುಕೊಂಡಿದ್ದರು.

"ನೀವು ಹಾಗೆ ಮಾಡಬಾರದಿತ್ತು ಉಸ್ತಾದ್," ಎಂದ ಇಹ್ಸಾನ್. "ನನಗೆ ಮನಸ್ಸಿಗೆ ನೋವಾಯಿತು."

"ನಿಮ್ಮ ನೋವು ಸುಳ್ಳಲ್ಲ. ನನಗೂ ಆ ಹೊತ್ತು ಸುಲಭವಿರಲಿಲ್ಲ. ತಪ್ಪಾಗಿದ್ದರೆ ಅದರ ಲೆಕ್ಕ ನನ್ನದು."

ಇಹ್ಸಾನ್ ಚಹಾ ಮುಗಿಸಿದ. ಎದ್ದು ಹೊರಡುವಾಗ, "ಹೆಣ ಊರಿಗೆ ಕಳಿಸುವ ಕಾಗದಪತ್ರಕ್ಕೆ ಕೆಲಸಕ್ಕೆ ಕರೆಸಿದ ಕಫೀಲನ ಸಹಿ ಬೇಕು. ಅವನು ನನಗೆ ಗೊತ್ತು, ನಾನೇ ಹೋಗಿ ಬರುತ್ತೇನೆ," ಎಂದ. ಹೇಳಿದಂತೆಯೇ ಮಾಡಿದ. ಆದರೂ ಆಮೇಲೆ ಅವನು ಉಸ್ತಾದರೊಂದಿಗೆ ಮೊದಲಿನ ಸಲಿಗೆಯಲ್ಲಿ ಮಾತಾಡಿದ್ದನ್ನು ಸಫಿಯಮ್ಮ ಕಾಣಲಿಲ್ಲ.

ಪೆಟ್ಟಿಗೆ ಮುಚ್ಚುವ ಮೊದಲು ಶವಾಗಾರದವರು ಉಸ್ತಾದರನ್ನು ಕರೆದರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಐತನ ಮುಖ, ಕೈಕಾಲು ಒರೆಸಿ, ಗಡ್ಡ ತೆಗೆದು, ಹರಿಣಾಕ್ಷಿ ತಂದ ಹೊಸ ಪಂಚೆ ಉಡಿಸಿ ಬಂದರು. ಮನೆಗೆ ಬಂದು ಹೀಟರಿನ ಮುಂದೆ ಕುಳಿತರು. ಸಫಿಯಮ್ಮ ಅವರ ಸೋತ ತೋಳಿಗೆ ಎಣ್ಣೆ ಹಚ್ಚಿದರು.

ಬೇಸಗೆಯಲ್ಲಿ ಊರಿಗೆ ಹೋದಾಗ ಇಬ್ಬರೂ ಸುಳ್ಯದ ಕಡೆಯ ಆ ಮನೆಗೆ ಹೋದರು. ತನುಶ್ರೀ ಕುರ್ಚಿ ತಂದಿಟ್ಟಳು. ಐತನ ಹೆಂಡತಿ ಸಫಿಯಮ್ಮನನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ, ಕೈ ಹಿಡಿದು ಚಾವಡಿಯ ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ನನಗೆ ಎಲ್ಲ ಹೇಳಿ," ಎಂದಳು. "ಅವರು ಏನೇನು ಮಾತಾಡಿದರು, ಎಲ್ಲ."

ಸಫಿಯಮ್ಮ ಹೇಳತೊಡಗಿದರು. ಉಸ್ತಾದರು ಅಂಗಳದಲ್ಲಿ ಕುಳಿತು ಕಾದರು. ಮಧ್ಯಾಹ್ನದ ನಮಾಝಿನ ಹೊತ್ತಾದಾಗ ತನುಶ್ರೀ ಬಾವಿಯಿಂದ ನೀರು ಸೇದಿ ತಂದು, ಒಗೆದ ಚಾಪೆಯೊಂದನ್ನು ಜಗಲಿಯಲ್ಲಿ ಹಾಸಿಕೊಟ್ಟಳು. ಒಳಗೆ ತುಳು ಮಾತು ನಿಂತಿರಲಿಲ್ಲ.