ಕೊರಳಿಗೆ ಬಿದ್ದು ಅಳುವವರು

ಮೊನ್ನೆ ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ನಕ್ಕುಬಿಟ್ಟೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆದದ್ದಿಷ್ಟು. ಕುತ್ತಿಗೆಯ ಎಡಕ್ಕೆ, ನಾಡಿ ಮಿಡಿಯುವ ಜಾಗದಲ್ಲಿ ನೋವು. ಮುಟ್ಟಿದರೆ ಜೀವ ಹೋಗುತ್ತಿತ್ತು. ಹಿಂದೆಯೇ ಅರೆತಲೆ ಶೂಲೆ. (ಶೂಲೆ ನನ್ನ ಬಾಲ್ಯದ ಗೆಳತಿ. ಹೇಳದೆ ಕೇಳದೆ ಬರುತ್ತಾಳೆ.) ಮನೆಯವರು ಹೋದದ್ದು ಮಿದುಳಿನ ರಕ್ತನಾಳ ಒಡೆದು. ಇದೂ ಅದೇ ಆಗಿದ್ದರೆ? ಮಗಳಿನ್ನೂ ಏಳನೇ ಇಯತ್ತೆ. ಅವಳಿಗೆ ಯಾರು?

ನೆಗೆಣ್ಣಿ ಗಂಗವ್ವನಿಗೆ ಹೇಳಿದೆ.

"ಯಕ್ಕಾ, ಕುತ್ತಿಗಿ ಉಳಕೇತಿ, ಅಷ್ಟ. ಕಾಲು ಮುಂದಾಗಿ ಹುಟ್ಟಿದವ್ರು ಮೆಲ್ಲಕ ಒದ್ರ ಹೋಕ್ಕೈತಿ."

ಹಾಗೆ ಹುಟ್ಟಿದವನು ಅವಳ ಗಂಡನೇ. ಮೈದುನನಿಂದ ಒದೆಸಿಕೊಳ್ಳುವುದೇ? ಇಳಕಲ್ಲಿನಿಂದ ಬಾಗಲಕೋಟೆಯ ಬಸ್ಸು ಹತ್ತಿದೆ. ಗಂಗವ್ವನೂ ಹತ್ತಿದಳು.

ಡಾಕ್ಟರು ಬಿ.ಪಿ. ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಕೊರಳು ಮುಟ್ಟಿದರು.

"ಅಕ್ಕಾರ, ದಿನಾ ಯಾರರ ನಿಮ್ಮ ಕುತ್ತಿಗಿ ಹಿಚುಕ್ತಾರೇನ್ರಿ?"

ನಾನು ನಕ್ಕೆ. ಗಂಗವ್ವ ಬಾಯಿ ಹಾಕಿದಳು. "ಹಿಚಕೂದಿಲ್ರಿ, ಕೊಳ್ಳಿಗಿ ಬಿದ್ದು ಅಳ್ತಾರ! ಹುನಗುಂದದಿಂದ ಮಂದಿ ಬರಾಕ ಹತ್ಯಾರ. ಬಾದಾಮಿ ಚಿಗವ್ವನ ತೋಳು ನೋಡ್ಬೇಕ್ರಿ ನೀವು, ಒನಕಿ!"

ಹೌದಲ್ಲ! ನಮ್ಮಲ್ಲಿ ಸಾವಿನ ಮನೆಗೆ ಬಂದ ಹೆಂಗಸರು ಕೊರಳು ತಬ್ಬಿ ಅಳದಿದ್ದರೆ ಬಂದದ್ದಕ್ಕೆ ಲೆಕ್ಕವೇ ಇಲ್ಲ. ಅದೇಕೋ ಎಲ್ಲರ ಗದ್ದವೂ ನನ್ನ ಎಡಕ್ಕೇ.

ಡಾಕ್ಟರು ನಗಲಿಲ್ಲ (ತುಟಿ ಮಾತ್ರ ಬಿಗಿ ಹಿಡಿದಿದ್ದರು). ಕೊರಳಿನ ದೊಡ್ಡ ರಕ್ತನಾಳ ಕೆಲವರಿಗೆ ಹೀಗೆ ನೋಯುತ್ತದಂತೆ. ಮೈಗ್ರೇನಿಗೂ ಇದಕ್ಕೂ ನಂಟಿದೆ ಎನ್ನುವವರಿದ್ದಾರೆ, ಖಾತ್ರಿಯಾಗಿ ಗೊತ್ತಿಲ್ಲ ಎಂದರು.

"ಹಿಚುಕಿದ್ದಕ್ಕ ಬಂದದ್ದಲ್ರಿ ಇದು. ಆದ್ರ ಹಿಚುಕಿದ್ರ ಹೆಚ್ಚಾಗತೈತಿ."

"ನಮ್ಮ ಮನಿಯವ್ರಿಗೆ ಆದದ್ದು..." ಎಂದೆ.

"ಅದಲ್ರಿ ಇದು. ಗುಳಿಗಿ ತಗೋರಿ. ಕುತ್ತಿಗಿ ಮಾತ್ರ ಯಾರ ಕೈಗೂ ಕೊಡಬ್ಯಾಡ್ರಿ."

ಅಂದಿನಿಂದ ಗಂಗವ್ವ ಹೊಸ್ತಿಲಲ್ಲೇ ಕಾವಲು. "ಕೈ ಹಿಡಕೊಂಡು ಅಳ್ರಿ, ಡಾಕ್ಟರ್ ಹೇಳ್ಯಾರ!"

ಕೈ ಹಿಡಿದು ಎಷ್ಟು ಹೊತ್ತು ಅಳಲಾದೀತು? ಎದುರುಬದುರು ಕುಳಿತರೆ ಮಾತು ಶುರುವಾಗುತ್ತದೆ. ಮದುವೆಯೊಂದರಲ್ಲಿ ಮನೆಯವರು ಹೋಳಿಗೆ ತಿನ್ನುವ ಪಂಥ ಕಟ್ಟಿ ಸೋತ ಕಥೆಯನ್ನು ಚಿಗವ್ವ ಹೇಳಿದಳು. ನನಗೆ ಗೊತ್ತೇ ಇರಲಿಲ್ಲ! ಅಪ್ಪನ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದ ಮಗಳು, "ಆಮ್ಯಾಲೆ ಏನಾತು, ಅಜ್ಜೀ?" ಎಂದು ಚಿಗವ್ವನ ಪಕ್ಕದಲ್ಲೇ ಕುಳಿತಳು.

ಕೊರಳು ಬಿಟ್ಟರೆ ತಾನೇ ಮುಖ ಕಾಣುವುದು?