ಸುಮ್ಮನಿದ್ದವರ ಒಪ್ಪಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಓಣಿಯವರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಸರಕಾರಿ ಕಾಗದವೊಂದನ್ನು ಓದಿ ಸಿಟ್ಟಿಗೆದ್ದದ್ದು ಒಂದೇ ಸಲ. ಅದನ್ನು ತಂದವರು ನಮ್ಮ ವಾರ್ಡಿನ ಪಾಲಿಕೆ ಸದಸ್ಯರು, ವಯಸ್ಸಿನಲ್ಲಿ ನನ್ನ ತಮ್ಮನಷ್ಟಿದ್ದಾರೆ. ಒಂದು ರವಿವಾರ ಬೆಳಿಗ್ಗೆ ರೊಟ್ಟಿ ಒಯ್ಯಲೆಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಗೆ ಬಂದವರು, ನಾನು ವಾರ್ಡ್ ಸಮಿತಿಯಲ್ಲಿ ಇದ್ದೇನೆಂಬ ಕಾರಣಕ್ಕೆ ಅದನ್ನು ನನ್ನ ಕೈಗಿಟ್ಟರು.

"ಓದ್ರಿ ಅಕ್ಕಾರ. ಈ ಸಲ ನಿಮ್ಮ ಒಲಿ ಬುಡಕ್ಕ ಬಂದೈತಿ," ಅಂದರು.

ನಮ್ಮ ಅಡುಗೆಮನೆಯಲ್ಲಿ ನಾನೂ ಸೇರಿ ಐದು ಜನ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತೇವೆ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಹಾಸ್ಟೆಲಿನ ಹುಡುಗರಿಗೆ ಕೊಡುತ್ತೇವೆ. ಹದಿನಾಲ್ಕು ವರ್ಷಗಳಿಂದ ನಡೆದಿದೆ. ಐವರಲ್ಲಿ ಒಬ್ಬಾಕೆಯ ಗಂಡ ಹಾಸಿಗೆ ಹಿಡಿದಿದ್ದಾನೆ, ಅವಳ ಮನೆಗೆ ಬೇರೆ ಗಳಿಕೆ ಇಲ್ಲ. ಇನ್ನೊಬ್ಬರು ನಮ್ಮೆಲ್ಲರಿಗಿಂತ ಹಿರಿಯರು, ಅವರನ್ನು ನಾವು ಅತ್ತಿ ಅನ್ನುತ್ತೇವೆ. ಅವರ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

ಕಾಗದದಲ್ಲಿ ಇದ್ದದ್ದು ಇಷ್ಟು. ವಾಸದ ಮನೆಗಳಲ್ಲಿ ನಡೆಯುವ ಸಣ್ಣ ಉದ್ಯೋಗಗಳ ಬಗ್ಗೆ ರಾಜ್ಯ ಸರಕಾರ ಹೊಸ ಕಾನೂನು ತರಲು ಹೊರಟಿತ್ತು. ವಿಧೇಯಕದ ಕರಡನ್ನು ಪಾಲಿಕೆ, ಪಂಚಾಯಿತಿಗಳಿಗೆಲ್ಲ ಕಳಿಸಿ ಅಭಿಪ್ರಾಯ ಕೇಳಿತ್ತು. ಮಾರಾಟಕ್ಕೆಂದು ಅಡುಗೆ ಮಾಡುವವರು ಮನೆಯ ಅಡುಗೆಮನೆಯನ್ನು ಬಳಸಬಾರದು, ಬೇರೆ ಕೋಣೆ ಇರಬೇಕು, ಅದಕ್ಕೆ ಬೀದಿಗೆ ತೆರೆಯುವ ಬೇರೆ ಬಾಗಿಲು ಇರಬೇಕು. ಮನೆಯವರಲ್ಲದ ಇಬ್ಬರಿಗಿಂತ ಹೆಚ್ಚು ಜನ ಅಲ್ಲಿ ದುಡಿಯಬಾರದು. ನಮಗಿರುವುದು ಒಂದೇ ಅಡುಗೆಮನೆ, ಒಂದೇ ಬಾಗಿಲು. ಮೂರು ಕಡೆ ನೆರೆಯವರ ಗೋಡೆ. ಇನ್ನೊಂದು ಬಾಗಿಲು ಇಡಬೇಕೆಂದರೆ ಪಕ್ಕದ ಮನೆಯವರ ದೇವರ ಕೋಣೆಯೊಳಗೆ ಇಡಬೇಕು. ಕಾನೂನು ಹೀಗೆಯೇ ಬಂದರೆ ನಮ್ಮ ಒಲೆ ಆರಿದಂತೆಯೇ.

ನಾನು ಕಾಯಿದೆಯೇ ಬೇಡ ಎನ್ನುವವಳಲ್ಲ. ತಿನ್ನುವ ಪದಾರ್ಥಕ್ಕೆ ಸ್ವಚ್ಛತೆ ಬೇಕು, ಅದಕ್ಕೆ ನಿಯಮವೂ ಬೇಕು. ಓದುತ್ತಾ ಓದುತ್ತಾ ಬೇಸರವಾಯಿತೇ ಹೊರತು ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಕೊನೆಯ ಸಾಲಿಗೆ. 'ನಿಗದಿತ ಅವಧಿಯೊಳಗೆ ಅಭಿಪ್ರಾಯ ಬಾರದಿದ್ದಲ್ಲಿ ಸದರಿ ಸಂಸ್ಥೆಯ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು.' ಅಂದರೆ ನೀವು ಸುಮ್ಮನಿದ್ದರೆ ಒಪ್ಪಿದಿರಿ ಎಂದು ಬರೆದುಕೊಳ್ಳುತ್ತೇವೆ, ಆಮೇಲೆ ನಮ್ಮನ್ನು ಕೇಳಬೇಡಿ.

ಈ ಮಾತು ನನಗೆ ಹೊಸದಲ್ಲ. ನನಗೆ ಹತ್ತೊಂಬತ್ತು ವರ್ಷವಿದ್ದಾಗ, ಧಾರವಾಡದಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಬೇಸಿಗೆ ರಜೆಯಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಪಡಸಾಲೆಯ ತುಂಬ ಹಿರಿಯರು. ಕೈಯಲ್ಲಿ ಅವಲಕ್ಕಿಯ ತಾಟು ಹಿಡಿದು ನಿಂತಿದ್ದೆ. ನಮ್ಮ ಕಾಕಾ, "ಏನವಾ, ಒಪ್ಪಿಗಿ ಐತಿಲ್ಲೋ?" ಎಂದು ಕೇಳಿದರು. ಇನ್ನೆರಡು ವರ್ಷ ಬಿಡ್ರಿ, ಓದು ಮುಗಿಸ್ತೇನಿ ಎಂಬ ಮಾತು ಗಂಟಲವರೆಗೆ ಬಂದಿತ್ತು. ಬಾಯಿ ಬರಲಿಲ್ಲ. ಅವಲಕ್ಕಿಯೊಳಗಿನ ಶೇಂಗಾ ಕಾಳನ್ನೇ ನೋಡುತ್ತಾ ನಿಂತೆ. "ಸುಮ್ಮನದಾಳ ಅಂದ್ರ ಒಪ್ಪಿಗಿ ಆತು," ಎಂದು ಕಾಕಾ ನಕ್ಕರು, ಎಲ್ಲರೂ ನಕ್ಕರು, ಸಕ್ಕರೆ ಹಂಚಿದರು.

ಗಂಡ ಒಳ್ಳೆಯವರೇ ಸಿಕ್ಕರು, ಅದು ಬೇರೆ ಮಾತು. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮಾತು ಕಡಿಮೆ, ದುಡಿದದ್ದನ್ನು ಮನೆಗೆ ತರುತ್ತಾರೆ, ಇವತ್ತಿನವರೆಗೆ ನನ್ನ ಮೇಲೆ ದನಿ ಏರಿಸಿಲ್ಲ. ಆದರೂ ಕಾಲೇಜು ಹುಡುಗಿಯರು ರೊಟ್ಟಿ ಒಯ್ಯಲು ಬಂದು ಪರೀಕ್ಷೆಯ ಮಾತಾಡುವಾಗ ನನಗೆ ರೊಟ್ಟಿಯ ಎಣಿಕೆ ತಪ್ಪುತ್ತದೆ. ಮೂವತ್ತೆರಡು ವರ್ಷ ಕಳೆದರೂ ತಪ್ಪುತ್ತದೆ.

"ಇದಕ್ಕ ಏನ್ ಮಾಡಬೇಕ್ರಿ?" ಎಂದು ಸದಸ್ಯರನ್ನು ಕೇಳಿದೆ.

"ಪಾಲಿಕಿ ಸಭಾದಾಗ ಠರಾವು ಆಗಬೇಕು. ಈ ಎರಡು ಕಲಮು ಕೈಬಿಡ್ರಿ ಅಂತ ಪಾಲಿಕಿನ ಬರದು ಕಳಸಬೇಕು. ನಾ ವಿಷಯ ಕೊಡ್ತೇನಿ. ಆದರ ಅಕ್ಕಾರ, ತಡಾ ಆಗಿ ಕೊಟ್ಟ ವಿಷಯ ಪಟ್ಟಿಯೊಳಗ ಕಡೀಕ ಬರ್ತೈತಿ. ಸಭಾ ಈ ಸಲ ಧಾರವಾಡದಾಗ. ನಮ್ಮ ಹುಬ್ಬಳ್ಳಿ ಮಂದಿ ಊಟಾ ಮಾಡಿದ ಕೂಡಲೇ ಗಾಡಿ ಹತ್ತತಾರ. ಆಮ್ಯಾಲ ಕೋರಂ ಉಳಿಯೂದು ಕಷ್ಟ."

ಸಭೆ ನಡೆಯಲು ಇಷ್ಟು ಜನ ಇರಲೇಬೇಕೆಂಬ ಲೆಕ್ಕವೊಂದಿದೆ, ಅದೇ ಕೋರಂ. ಅಷ್ಟು ಜನ ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಮುಂದಿನ ಸಭೆಯ ಹೊತ್ತಿಗೆ ಸರಕಾರ ಕೊಟ್ಟ ಅವಧಿ ಮುಗಿದಿರುತ್ತದೆ. ಅಲ್ಲಿಗೆ ಒಂದೇ ಪಾಲಿಕೆಯ ಎರಡೂ ಊರಿನವರು, ಹುಬ್ಬಳ್ಳಿಯವರೂ ಧಾರವಾಡದವರೂ, ಸುಮ್ಮನಿದ್ದು ಒಪ್ಪಿದಂತಾಯಿತು.

ಹಿಟ್ಟು ನಾದುತ್ತಾ ಕೇಳುತ್ತಿದ್ದ ಅತ್ತಿ ತಲೆ ಎತ್ತದೆ ಹೇಳಿದರು, "ಊಟಾ ಆದಮ್ಯಾಲ ಹೋಗ್ತಾರೇನು? ಹಂಗಾರ ಊಟಾನ ತಡಾ ಮಾಡೂನು. ಲಗ್ನದ ಮನ್ಯಾಗ ನೋಡಿಲ್ಲೇನ್ರಿ, ಎಲಿ ಹಾಕೂತನಕ ಒಬ್ಬರೂ ಅಲಗಾಡಂಗಿಲ್ಲ."

ಸದಸ್ಯರು ಮೊದಲು ನಕ್ಕರು, ಆಮೇಲೆ ತಲೆ ತುರಿಸಿಕೊಂಡರು. ನಾಲ್ಕು ದಿನಕ್ಕೆ ಮಹಾಪೌರರನ್ನು ಒಪ್ಪಿಸಿಕೊಂಡು ಬಂದರು. ಆ ದಿನದ ಊಟ ನಮ್ಮ ವಾರ್ಡಿನದು, ವಿಷಯಗಳೆಲ್ಲ ಮುಗಿದ ಮೇಲೆ, ಹೊರಗಿನ ಪಡಸಾಲೆಯಲ್ಲಿ.

ಬರೀ ಊಟವನ್ನು ನಂಬಿ ಕೂಡುವ ಜಾತಿ ನನ್ನದಲ್ಲ. ಉಳಿದ ದಿನಗಳಲ್ಲಿ ಸಾಧ್ಯವಾದಷ್ಟು ಸದಸ್ಯರ ಮನೆಗೆ ಹೋಗಿ ಕರಡಿನ ಪ್ರತಿ ಕೊಟ್ಟು ಬಂದೆ. ಕೆಲವರು ಕುಳ್ಳಿರಿಸಿ ಚಹಾ ಕೊಟ್ಟು ಕೇಳಿಕೊಂಡರು. ಒಬ್ಬರು ಕಾಗದ ತೆಗೆದುಕೊಳ್ಳದೆ, "ನಿಮ್ಮ ಮನಿಯವ್ರನ್ನ ಕಳಸ್ರಿ, ಅವರ ಜೋಡಿ ಮಾತಾಡ್ತೇನಿ," ಅಂದರು.

"ಅವರಿಗೆ ರೊಟ್ಟಿ ಬಡಿಯಾಕ ಬರಂಗಿಲ್ರಿ. ಬಡಿಯಾಕಿ ನಾನು, ಮಾತೂ ನನ್ನ ಜೋಡೀನ ಆಡ್ರಿ," ಎಂದು ಕಾಗದವನ್ನು ಅವರ ಟೀಪಾಯಿಯ ಮೇಲಿಟ್ಟು ಬಂದೆ.

ಸಭೆಯ ದಿನ ಬೆಳಗಾಗುವ ಮೊದಲೇ ಒಲೆ ಹೊತ್ತಿಸಿದೆವು. ರೊಟ್ಟಿ, ಬದನೆಕಾಯಿ ಎಣ್ಣಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲವನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ಐವರೂ ಧಾರವಾಡಕ್ಕೆ ಹೋದೆವು. ಮೂವರು ಪಾತ್ರೆಗಳ ಹತ್ತಿರ ಕುಳಿತರು. ನಾನೂ ಅತ್ತಿಯೂ ಸಭೆ ನೋಡುವವರಿಗಾಗಿ ಇರುವ ಗ್ಯಾಲರಿಗೆ ಹೋದೆವು. ಬಾಗಿಲಲ್ಲಿದ್ದ ಜವಾನ, "ಇಲ್ಲಿ ಬರೇ ನೋಡೂದ್ರಿ, ಮಾತಾಡಾಂಗಿಲ್ಲ," ಎಂದು ಮೊದಲೇ ಎಚ್ಚರಿಸಿದ.

ಚರಂಡಿ, ಬೀದಿದೀಪ, ನಾಯಿ ಕಾಟ ಎಂದು ಮಧ್ಯಾಹ್ನದವರೆಗೆ ಜೋರು ಜೋರಾಗಿ ನಡೆಯಿತು. ಒಂದು ಗಂಟೆಯ ಮೇಲೆ ಬಾಗಿಲ ಸಂದಿಯಿಂದ ಎಣ್ಣಗಾಯಿಯ ವಾಸನೆ ಒಳಗೆ ಬಂತು ನೋಡಿ, ಆಮೇಲೆ ಯಾರಿಗೂ ಭಾಷಣ ಬೇಡವಾಯಿತು. ಕಾರ್ಯದರ್ಶಿ ವಿಷಯ ಓದುವುದು, ಮಹಾಪೌರರು "ಒಪ್ಪಿಗೇನ್ರಿ?" ಅನ್ನುವುದು, ಎಲ್ಲರೂ ಸುಮ್ಮನಿರುವುದು, "ಒಪ್ಪಿಗಿ" ಎಂದು ಮುಂದಿನದಕ್ಕೆ ಹೋಗುವುದು. ಎರಡು ಗಂಟೆಗೆ ನಮ್ಮ ವಿಷಯ ಬಂತು. ಒಬ್ಬರೂ ಎದ್ದು ಹೋಗಿರಲಿಲ್ಲ. ಅತ್ತಿ ನನ್ನ ತೊಡೆ ಚಿವುಟಿದರು.

ನಮ್ಮ ಸದಸ್ಯರು ಎದ್ದು ಠರಾವನ್ನು ಓದಿದರು. ಮಹಾಪೌರರು ಸಭೆಯ ಮೇಲೆ ಕಣ್ಣಾಡಿಸಿದರು.

"ಯಾರದರ ವಿರೋಧ ಐತೇನ್ರಿ? ಎಲ್ಲಾರೂ ಸುಮ್ಮನದೀರಿ. ಅಂದ್ರ ಒಪ್ಪಿಗಿ ಅಂತ ತಿಳೀತೇನಿ."

ನಾನು ಖುಷಿಪಡಬೇಕಿತ್ತು. ಬೇಕಾದದ್ದು ಕೈಗೆ ಬಂದಿತ್ತು. ಕೆಳಗೆ ನೋಡಿದೆ. ಒಬ್ಬರು ಮೊಬೈಲ್ ಒತ್ತುತ್ತಿದ್ದರು, ಇಬ್ಬರು ಬಾಗಿಲ ಕಡೆ ನೋಡುತ್ತಿದ್ದರು, ನನ್ನಿಂದ ಕಾಗದ ತೆಗೆದುಕೊಳ್ಳದವರು ಆಕಳಿಸುತ್ತಿದ್ದರು. ನನಗೆ ಆ ಅವಲಕ್ಕಿಯ ತಾಟು ನೆನಪಾಯಿತು. ಕಾಕಾನ ನಗು ಕಿವಿಯಲ್ಲಿ ಕೇಳಿದಂತಾಯಿತು. ಯಾವ ಮಾತಿಗೆ ಸಿಟ್ಟಾಗಿ ಇಲ್ಲಿಯವರೆಗೆ ಬಂದಿದ್ದೆನೋ ಅದೇ ಮಾತಿನಿಂದ ನನ್ನ ಕೆಲಸವಾಗುತ್ತಿತ್ತು. ಅದನ್ನು ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಅದು ಒಪ್ಪಿಗಿ ಅಲ್ರಿ," ಅಂದೆ.

ಎಲ್ಲರ ತಲೆ ಮೇಲಕ್ಕೆ ತಿರುಗಿತು. ಜವಾನ ನನ್ನ ಕಡೆ ಬಂದ. ಅತ್ತಿ ಸೆರಗು ಜಗ್ಗಿ, "ಕುಂದರವಾ, ಕೆಲಸ ಆತಲ್ಲ," ಎಂದರು.

"ಸುಮ್ಮನಿದ್ರ ಒಪ್ಪಿಗಿ ಅಂತ ಸರಕಾರ ಬರದದ್ದಕ್ಕ ನಾವು ಇಲ್ಲಿತನಕ ಬಂದೇವ್ರಿ. ನೀವೂ ಹಂಗ ಮಾಡಿದ್ರ ಹೆಂಗ? ಒಬ್ಬೊಬ್ಬರು ಬಾಯಿ ಬಿಟ್ಟು ಹೇಳ್ರಿ. ಬ್ಯಾಡ ಅನ್ನೋರು ಬ್ಯಾಡ ಅನ್ರಿ, ನಡೀತೈತಿ."

"ಗ್ಯಾಲರಿಯವರು ಮಾತಾಡಬಾರದ್ರಿ ಬಾಯಾರ. ಕುಂದರ್ರಿ, ಇಲ್ಲಾ ಹೊರಗ ನಡೀರಿ," ಎಂದರು ಮಹಾಪೌರರು. ದನಿಯಲ್ಲಿ ಸಿಟ್ಟಿಗಿಂತ ಹಸಿವೆಯೇ ಹೆಚ್ಚಿತ್ತು.

ಕುಳಿತೆ. ನಮ್ಮ ಸದಸ್ಯರು ಹಣೆಗೆ ಕೈ ಹಚ್ಚಿದ್ದರು. "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಇವತ್ತ ಮಾಡಿದ ರೊಟ್ಟೀನೆಲ್ಲಾ ನಾವ ಉಣ್ಣೂದು," ಎಂದು ಅತ್ತಿ ಗೊಣಗಿದರು. ಹಾಸಿಗೆ ಹಿಡಿದ ಗಂಡನಿರುವ ನಮ್ಮ ಗೆಳತಿ ಹೊರಗೆ ಪಾತ್ರೆ ಕಾಯುತ್ತಿದ್ದಾಳೆ ಎಂಬುದು ನೆನಪಾಯಿತು. ನನ್ನ ಸಿಟ್ಟಿನಿಂದ ಅವಳ ಅನ್ನ ಹೋದರೆ ನಾನು ಅವಳಿಗೆ ಹೇಗೆ ಮುಖ ತೋರಿಸುವುದು?

ಆಗ ಮುಂದಿನ ಸಾಲಿನಿಂದ ಧಾರವಾಡದ ಒಬ್ಬ ಹಿರಿಯ ಸದಸ್ಯೆ ಎದ್ದರು. ಮೊದಲು ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅವರು ಎದ್ದರೆ ಸಭೆ ತಾನಾಗಿ ತೆಪ್ಪಗಾಗುತ್ತದೆ ಎಂದು ಕೇಳಿದ್ದೆ, ಆ ದಿನ ನೋಡಿದೆ.

"ಗ್ಯಾಲರಿಯವರು ಮಾತಾಡಬಾರದು, ಖರೇ ಅದ. ನಾ ಸದಸ್ಯಳಿದ್ದೇನಿ, ನಾ ಕೇಳ್ತೇನಿ. ಹಾಜರಿ ಕೂಗಿದಂಗ ಒಬ್ಬೊಬ್ಬರನ್ನ ಕೂಗ್ರಿ. ಹೂಂ ಅಂದವರದು ಹೂಂ, ಊಹೂಂ ಅಂದವರದು ಊಹೂಂ, ಎರಡನೂ ಬರಕೋರಿ."

ಇಬ್ಬರು ಎದ್ದು ಹೋಗಿಯೇ ಬಿಟ್ಟರು. ಕಾರ್ಯದರ್ಶಿ ಪೆನ್ನಿನ ತುದಿಯಿಂದ ಉಳಿದ ತಲೆಗಳನ್ನು ಎಣಿಸಿ, ಕೋರಂ ಇದೆ ಎಂದು ಮಹಾಪೌರರ ಕಡೆ ನೋಡಿ ತಲೆಯಾಡಿಸಿದರು. ಹೆಸರು ಕೂಗಲು ಶುರುಮಾಡಿದರು.

ಮೊದಮೊದಲು ಬರೀ "ಹೂಂ" ಬಂತು. ನಾಲ್ಕನೆಯವರೋ ಐದನೆಯವರೋ, "ನಮ್ಮವ್ವ ಮನ್ಯಾಗ ಹಪ್ಪಳಾ ಮಾಡಿ ಮಾರಿ ನನಗ ಸಾಲಿ ಕಲಿಸ್ಯಾಳ. ಆ ಎರಡೂ ಕಲಮು ತಗೀಬೇಕು," ಎಂದರು. ಅಲ್ಲಿಂದ ಮುಂದೆ ಜನ ಹಸಿವೆ ಮರೆತು ಮಾತಾಡಿದರು. ಕಾಗದ ಮುಟ್ಟದಿದ್ದವರು ಕೂಡ, "ಹೂಂ. ಓದೇನಿ," ಎಂದು ಗ್ಯಾಲರಿಯ ಕಡೆ ಒಮ್ಮೆ ನೋಡಿದರು.

ಒಬ್ಬರು ಮಾತ್ರ ಒಪ್ಪಲಿಲ್ಲ. ವಯಸ್ಸಾದವರು, ಎದ್ದು ನಿಲ್ಲಲು ಮೇಜು ಹಿಡಿಯಬೇಕಾಯಿತು. "ನಮ್ಮ ಓಣ್ಯಾಗ ಒಂದು ಮನ್ಯಾಗ ಚಕ್ಕಲಿ, ಶೇವು ಅಂತ ಫರಾಳ ಕರದು ಮಾರ್ತಿದ್ರು. ಸಿಲಿಂಡರಿಗೆ ಬೆಂಕಿ ಹತ್ತಿತು. ಬಾಗಲಾ ಒಂದ ಇತ್ತು. ನಾ ಕಣ್ಣಾರೆ ನೋಡೇನಿ. ನನ್ನ ಒಪ್ಪಿಗಿ ಇಲ್ಲ," ಎಂದು ಕುಳಿತರು.

ಅವರು ತಪ್ಪು ಹೇಳಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ನಾನು ರೊಟ್ಟಿಯ ಬಗ್ಗೆ ಯೋಚಿಸಿದ್ದೆನೇ ಹೊರತು ಐದು ಹೆಂಗಸರ ಬೆನ್ನ ಹಿಂದೆ ಇರುವ ಸಿಲಿಂಡರಿನ ಬಗ್ಗೆ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಹಿರಿಯ ಸದಸ್ಯೆ ಠರಾವಿಗೆ ಒಂದು ಮಾತು ಸೇರಿಸಿದರು. ಎರಡನೇ ಬಾಗಿಲಿನ ಬದಲು ಸಿಲಿಂಡರನ್ನು ಗೋಡೆಯ ಹೊರಗಿಡುವ ನಿಯಮ ಬರಲಿ. ಠರಾವು ಪಾಸಾಯಿತು. ಆ ಹಿರಿಯರ ವಿರೋಧವನ್ನೂ ಅದರಲ್ಲಿ ಬರೆದುಕೊಂಡರು. ಸುಮ್ಮನಿದ್ದ ಒಪ್ಪಿಗೆಯಲ್ಲೇ ಮುಗಿದಿದ್ದರೆ ಆ ಬೆಂಕಿಯ ಮಾತು ಅವರ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಊಟಕ್ಕೆ ಕುಳಿತಾಗ ಮೂರು ಹೊಡೆದಿತ್ತು. ಆ ಹಿರಿಯರಿಗೆ ನಾನೇ ಬಡಿಸಿದೆ. "ವಿರೋಧ ಮಾಡಿದವಗೂ ರೊಟ್ಟಿ ಐತೇನವಾ?" ಎಂದು ಕೇಳಿದರು. "ನಿಮಗ ಎರಡು ಹೆಚ್ಚಿಗೇನ ಐತ್ರಿ," ಎಂದೆ. ಅವರು ಖರೇ ಖರೇ ಇನ್ನೊಂದು ಹಾಕಿಸಿಕೊಂಡರು.

ಆ ವಾರವೇ ನಮ್ಮ ಸಿಲಿಂಡರು ಬೀದಿ ಕಡೆಯ ಗೋಡೆಯ ಹೊರಗೆ ಹೋಯಿತು. ಠರಾವು ಬೆಂಗಳೂರಿಗೆ ಹೋಯಿತು. ಪಾಲಿಕೆಯ ಮಾತನ್ನು ಸರಕಾರ ಕೇಳಲೇಬೇಕೆಂದೇನೂ ಇಲ್ಲ, ಅದು ನನಗೆ ಗೊತ್ತು. ಇದನ್ನು ಬರೆಯುವವರೆಗೆ ವಿಧೇಯಕ ಸದನಕ್ಕೆ ಬಂದಿಲ್ಲ. ಬಂದರೆ ಮತ್ತೆ ಹೋಗುತ್ತೇವೆ, ಅವತ್ತಿನ ಸಭೆ ಬೆಂಗಳೂರಿನಲ್ಲೇ ಇರಲಿ.

ಸಭೆಯ ದಿನ ಸಂಜೆ ಮನೆಯವರು ಕೆಲಸದಿಂದ ಬಂದಾಗ ಉಳಿದ ರೊಟ್ಟಿ, ಎಣ್ಣಗಾಯಿ ಬಡಿಸಿ, ನಡೆದದ್ದನ್ನೆಲ್ಲ ಹೇಳಿದೆ. ಎದ್ದು ನಿಂತದ್ದು, ಅಂದದ್ದು, ಬೈಸಿಕೊಂಡು ಕುಳಿತದ್ದು. ಅವರು ಎಂದಿನಂತೆ ಮಾತಿಲ್ಲದೆ ಉಣ್ಣುತ್ತಾ ಕೇಳಿದರು. ಎರಡನೇ ರೊಟ್ಟಿ ಮುರಿಯಹೋದವರು ಕೈ ತಡೆದರು.

"ಅವತ್ತ ನಿಮ್ಮ ಪಡಸಾಲ್ಯಾಗ ನೀನೂ ಸುಮ್ಮನ ನಿಂತಿದ್ದಿ. ಖರೇ ಹೇಳು, ನಿನಗ ಒಪ್ಪಿಗಿ ಇತ್ತೇನು?"

ಮೂವತ್ತೆರಡು ವರ್ಷಗಳಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

"ಇರಲಿಲ್ರಿ," ಅಂದೆ. "ನನಗ ಓದಬೇಕಿತ್ತು."

ಕೈಯಲ್ಲಿದ್ದ ರೊಟ್ಟಿಯನ್ನು ಅವರು ತಾಟಿನಲ್ಲಿಟ್ಟರು. ಏನೂ ಅನ್ನಲಿಲ್ಲ. ಆ ಸುಮ್ಮನಿರುವುದಕ್ಕೆ ನಾನಾಗಿ ಒಂದು ಅರ್ಥ ಹಚ್ಚಿ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅವರೇ ಬಾಯಿ ಬಿಟ್ಟು ಹೇಳಲಿ ಎಂದು ಎದುರಿಗೆ ಕುಳಿತು ಕಾದೆ.