ಬೆಸ ತಾರೀಖಿನ ಈಶಪ್ಪ
ಗಂಗಾವತಿಯ ಬಜಾರ ರಸ್ತೆಯಲ್ಲಿ ಬೆಸ ತಾರೀಖಿನಂದು ವಾಹನಗಳು ಎಡಬದಿಗೆ, ಸಮ ತಾರೀಖಿನಂದು ಬಲಬದಿಗೆ ನಿಲ್ಲಬೇಕು. ಎಡಬದಿಯಲ್ಲಿ ಗಂಟೆ ಲೆಕ್ಕದ ಪಾರ್ಕಿಂಗ್ ಚೀಟಿ ಕೊಡುವವನು ಈಶಪ್ಪ, ಬಲಬದಿಯಲ್ಲಿ ಮೌನೇಶ. ಸರದಿ ಇಲ್ಲದವನು ತನ್ನ ಬದಿಯಲ್ಲಿ ಯಾರೂ ಗಾಡಿ ನಿಲ್ಲಿಸದಂತೆ ನೋಡುತ್ತ ಕೂರಬೇಕು. "ಗೆರಿ ದಾಟೇತಿ, ಹಿಂದ ತಗೀರಿ" ಎನ್ನುವುದೇ ಈಶಪ್ಪನ ನಮಸ್ಕಾರ. ಅವನ ಸಾಲಿನ ಬೈಕುಗಳು ದಾರ ಹಿಡಿದು ಜೋಡಿಸಿದಂತೆ ನಿಲ್ಲುತ್ತವೆ. ಕಾರಟಗಿಯ ಅಕ್ಕಿ ಗಿರಣಿ ಸಾಹುಕಾರರ ಕಾರಿಗೂ ಒಂದು ಗೇಣು ವಿನಾಯಿತಿ ಇಲ್ಲ. ಮೌನೇಶನ ಸಾಲು ಸೊಟ್ಟ. ಆದರೂ ಹೆಂಗಸರು ಕೀಲಿ, ಕಾಯಿಪಲ್ಲೆಯ ಚೀಲ ಎಲ್ಲವನ್ನೂ ಅವನ ಕೈಗೇ ಒಪ್ಪಿಸಿ ಹೋಗುವುದನ್ನು ಕಂಡು ಈಶಪ್ಪನ ಹೊಟ್ಟೆ ಉರಿಯುತ್ತದೆ. ಬಿಸಿಲಿಗೆ ಸೀಟು ಸುಡದಂತೆ ಮೌನೇಶ ಒದ್ದೆ ಗೋಣಿತಟ್ಟು ಹಾಸುತ್ತಾನೆ. "ಗಾಡಿ ಕಾಯ್ತಾನೋ, ಕೂಸಿಗೆ ಹೊಚ್ಚತಾನೋ?" ಎಂದು ಈಶಪ್ಪ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಅಣಕಿಸುತ್ತಾನೆ. ಮೊನ್ನೆ ತನ್ನ ಸರದಿಯ ದಿನ, ಯಾರೂ ನೋಡದಾಗ, ಅವನೂ ಒಂದು ಗೋಣಿತಟ್ಟು ನೆನೆಸಿ ಕಳಕಮ್ಮ ಟೀಚರ ಸ್ಕೂಟಿಗೆ ಹಾಸಿದ. ಟೀಚರು ಬಂದು ತಂಪಾದ ಸೀಟು ಮುಟ್ಟಿ, "ಮೌನೇಶಣ್ಣ ಇವತ್ತ ಈ ಕಡಿ ಬಂದಿದ್ದನೇನ್ರಿ?" ಎಂದರು. "ಅಂವಾ ಯಾಕ ಬರ್ತಾನ್ರಿ? ನಾನಽ ಹಾಕೀನಿ" ಎಂದು ಈಶಪ್ಪ ಸಿಡುಕಿದ. "ನೀವಾ!" ಎಂದು ಟೀಚರು ಮನಸಾರೆ ನಕ್ಕರು. "ಭಾಳ ಛಲೋ ಆತು ನೋಡ್ರಿ, ಈಶಪ್ಪಣ್ಣಾ." ಆ ಮಾತು ರಸ್ತೆಯಾಚೆ ಕೇಳಿಸಿತೇ ಎಂದು ಈಶಪ್ಪ ತಟ್ಟನೆ ತಿರುಗಿ ನೋಡಿದ. ಮೌನೇಶ ಬೇವಿನ ಮರದಡಿ ಬಾಯಿ ತೆರೆದು ನಿದ್ದೆ ಹೋಗಿದ್ದ.